ಚಂಚಿಯೊಳಗಿನ ಅತ್ತೆ

ಮರೆವು ಎಂಬ ಪಿಶಾಚಿಯನ್ನು ನಮ್ಮೂರು ಯಳವಿಯ ಸೀಮೆ ದಾಟಿಸಿಯೇ ಬಿಡುತ್ತೇನೆಂದು ನಾನು ಪಣ ತೊಟ್ಟೆ. ಮುರಗೆಪ್ಪ ಎಂದರೆ ಸಾಮಾನ್ಯನೆಂದು ತಿಳಿಯಬೇಡಿರಿ! ಎರಡು ಎತ್ತು, ಒಂದು ಬಂಡಿ, ಒಂದು ಪಟ್ಟಿ ಎರೆ ಹೊಲ. ಇಷ್ಟು ದೊಡ್ಡ ಸಂಸ್ಥಾನ ಆಳುವವನಿಗೆ ಕೆಲಸ ನೂರು, ತಲೆ ಒಂದೇ. ಅದೂ ರುಮಾಲು ಬಿಗಿದ ತಲೆ. ಒಳಗೆ ಗಾಳಿ ಆಡುವುದಾದರೂ ಹೇಗೆ?

ಮೊದಲು ಧೋತರದ ಚುಂಗಿಗೆ ಗಂಟು ಹಾಕಿ ನೋಡಿದೆ. ಒಂದು ಕೆಲಸಕ್ಕೆ ಒಂದು ಗಂಟು. ಸಂಜೆಗೆ ಗಂಟುಗಳೆಲ್ಲ ಇದ್ದವು. ಯಾವುದು ಯಾವ ಕೆಲಸದ್ದೆಂದು ಮಾತ್ರ ಅವಕ್ಕೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆಮೇಲೆ ಗೋಡೆಗೆ ಇದ್ದಿಲಿನಿಂದ ಗೆರೆ ಎಳೆದೆ. ಹಬ್ಬ ಬಂತೆಂದು ನನ್ನ ಹೆಂಡತಿ ಸಿದ್ದಲಿಂಗವ್ವ ಸುಣ್ಣ ಹಚ್ಚಿ ನನ್ನ ಕಾರಭಾರವನ್ನೆಲ್ಲ ಬೆಳ್ಳಗೆ ಮಾಡಿದಳು!

ಕಡೆಗೆ ಬೆಳಕು ಹರಿದದ್ದು ಎಲೆ ಅಡಿಕೆಯ ಚಂಚಿ ನೋಡಿದಾಗ. ಒಳಗೆ ಕಿಸೆಯಂಥ ಅರೆಗಳು: ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ತಂಬಾಕಿಗೊಂದು. ಸುರುಳಿ ಸುತ್ತಿ ದಾರ ಬಿಗಿದರೆ ಒಂದು ಚೂರೂ ಚೆಲ್ಲುವುದಿಲ್ಲ. ಜತ್ತಿನ ಮೋಟಾರ ಸ್ಟ್ಯಾಂಡಿನ ಬೇವಿನ ಗಿಡದ ಬುಡದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡ ಗೆಳೆಯ ಗುಲಾಬನಿಗೆ ಹೇಳಿ, ಅರೆ ಹೆಚ್ಚಿಗೆ ಇರುವ ಹೊಸ ಚಂಚಿ ಹೊಲಿಸಿದೆ. ಒಂದೊಂದು ಅರೆಗೂ ಒಂದೊಂದು ಕೆಲಸದ ಗುರುತು. ಕೆಲಸ ಮುಗಿಯಿತೋ, ಗುರುತು ಹೊರಗೆ. ಅರೆ ಬರಿದಾದವೋ, ಬಂಡಿ ಮನೆಯ ಕಡೆಗೆ!

ಪದ್ಧತಿಯ ಮೊದಲ ಪರೀಕ್ಷೆಯೇ ಘನವಾದದ್ದು. ಮಗಳ ಕಿವಿ ಚುಚ್ಚುವ ಕಾರ್ಯಕ್ಕೆ ನನ್ನ ಅತ್ತೆ ಯಮನವ್ವ ಬಿಜಾಪುರದ ಮೋಟಾರಿಗೆ ಜತ್ತಿಗೆ ಬರುವವರಿದ್ದರು. ಹೋದ ವರ್ಷ ಹೀಗೇ ಬಂದು, ನಾನು ಮರೆತದ್ದರಿಂದ ಸ್ಟ್ಯಾಂಡಿನಲ್ಲಿ ಹೊತ್ತು ಮುಳುಗುವ ತನಕ ಕುಳಿತು, ಬಂದ ಮೋಟಾರಿಗೇ ತಿರುಗಿ ಹೋಗಿದ್ದರು. ಅಂದಿನಿಂದ ನಮ್ಮ ಹೊಸ್ತಿಲು ತುಳಿದಿರಲಿಲ್ಲ.

"ಈ ಸಲ ಅವ್ವನ್ನ ಮರತ್ರ," ಎಂದಳು ಸಿದ್ದಲಿಂಗವ್ವ, ರೊಟ್ಟಿ ತಟ್ಟುವ ಕೈ ನಿಲ್ಲಿಸದೆ, "ಅಕಿ ಹಿಂದ ನಾನೂ ಕೂಸಿನ ಕರಕೊಂಡು ತವರಿಗೆ ಹೋಗಾಕಿ. ಆಮ್ಯಾಲ ನಿಮ್ಮ ಕಿವಿ ನೀವ ಚುಚ್ಚಿಕೋರಿ!"

"ಮರೆಯೂದು? ನಾನು? ಇಲ್ಲಿ ನೋಡ," ಎಂದು ಚಂಚಿ ಬಿಚ್ಚಿ ಹರವಿದೆ. "ಈ ಮೊಳಿ ಕಂಬಾರನ ಗುರ್ತ, ನೇಗಿಲ ಕುಡ ಬಡಸಬೇಕು. ಈ ಬತ್ತಿ ಅಂದ್ರ ಘಾಸಲೇಟ ಎಣ್ಣಿ. ಈ ಹರಳು ಉಪ್ಪಿಂದು. ಈ ಇಡೀ ಅಡಿಕಿ..."

"ಅದ ಯಾರು?"

"ನಿಮ್ಮವ್ವ."

ರೊಟ್ಟಿ ತಟ್ಟುವ ಕೈ ನಿಂತಿತು. "ನಮ್ಮವ್ವ ಅಡಿಕಿ ಯಾಕ್ರಿ?"

"ಭಾಳ ಗಟ್ಟಿ ಮನಷ್ಯಾರಲ್ಲ!" ಎಂದು ನಾಲಿಗೆಗೆ ಸಕ್ಕರೆ ಸವರಿಕೊಂಡೆ.

ಅವಳು ಹಿಟ್ಟಿನ ಕೈ ಝಾಡಿಸಿದಳು. "ಮೊಳಿ ಇಡ್ರಿ, ಕಲ್ಲ ಇಡ್ರಿ. ಆದ್ರ ಚಂಚ್ಯಾಗ ಅಡಿಕಿ ಇಡಬ್ಯಾಡ್ರಿ. ನಾಕ ಮಂದ್ಯಾಗ ಬಿಚ್ಚಿದ ಚಂಚಿ ನಿಮ್ದಲ್ಲ, ಊರಂದು!"

ಹೆಂಗಸರಿಗೆ ಪದ್ಧತಿ ಎಂದರೇನು ಗೊತ್ತು ಎಂದುಕೊಂಡು, ಅತ್ತೆಗೆ ಬಿಸಿಲು ತಾಕಬಾರದೆಂದು ಬಂಡಿಗೆ ಚಾಪೆ ಹೊದಿಸಿದ ಕಮಾನು ಕಟ್ಟಿ, ಹೊತ್ತು ಹುಟ್ಟುವುದಕ್ಕೇ ಹೊರಟೆ.

ಏನು ಹೇಳಲಿ ಆ ಚಂಚಿಯ ಮಹಿಮೆ! ಕಂಬಾರನಲ್ಲಿ ಕುಡ ಬಡಿಸಿದೆ, ಮೊಳೆ ಹೊರಗೆ. ಘಾಸಲೇಟ ಡಬ್ಬಿ ತುಂಬಿಸಿದೆ, ಬತ್ತಿ ಹೊರಗೆ. ಉಪ್ಪಿನ ಚೀಲ ಬಂಡಿಗೇರಿತು, ಗುರುತಿನ ಉಪ್ಪಿನ ಹರಳು ಎತ್ತಿನ ಬಾಯಿಗೆ. ಜತ್ತಿನ ಪೇಟೆಯಲ್ಲಿ ನಾನು ನಡೆಯುತ್ತಿದ್ದರೆ ಮಾಮಲೇದಾರರೇ ತಪಾಸಣೆಗೆ ಹೊರಟಂತಿತ್ತು! ಇಂಥ ಗೆಲುವನ್ನು ಚಂಚಿ ಹೊಲಿದವನಿಗೆ ತೋರಿಸದಿದ್ದರೆ ಹೇಗೆ? ಬಂಡಿಯನ್ನು ನೇರ ಗುಲಾಬನ ಬೇವಿನ ಗಿಡಕ್ಕೆ ಹೊಡೆದೆ.

ಗಿಡದ ಆಚೆ ಬದಿಗೆ ಯಾರೋ ಮುದುಕಿ ಗಂಟು ಪಕ್ಕಕ್ಕಿಟ್ಟುಕೊಂಡು ಕುಳಿತಿದ್ದಳು. ನನ್ನನ್ನು ಕಂಡದ್ದೇ ಮೋರೆಯ ಮೇಲೆ ಸೆರಗು ಎಳೆದು ಬೆನ್ನು ತಿರುಗಿಸಿದಳು. ಮರ್ಯಾದಸ್ಥ ಮನೆತನದವಳು ಎಂದು ಮೆಚ್ಚಿಕೊಂಡು ನಾನೂ ಅತ್ತ ನೋಡಲಿಲ್ಲ.

"ಬರ್ರಿ ಮುರಗೆಪ್ಪಣ್ಣಾ, ಕುಂದ್ರಿ," ಎಂದ ಗುಲಾಬ. "ಹೆಂಗೈತಿ ನಮ್ಮ ಚಂಚಿ?"

"ಚಂಚಿ ಅಲ್ಲೋ ಇದು, ದಿವಾಣಜಿ!" ಎಂದು ನಡುವೆ ಬಿಚ್ಚಿ ಹರವಿದೆ. ಪದ್ಧತಿಯ ಪುರಾಣ ಸುರುವಾಯಿತು. ನನ್ನ ಬಾಯಿ ಓಡುತ್ತಿತ್ತು, ಗುಲಾಬನ ಕೈ ಚಂಚಿಯಲ್ಲಿ ಆಡುತ್ತಿತ್ತು. ತೆರೆದ ಚಂಚಿಗೆ ಕೈ ಹಾಕಲು ನಮ್ಮ ಕಡೆ ಯಾರು ಯಾರನ್ನು ಕೇಳುತ್ತಾರೆ?

"ಭಾಳ ಗಟ್ಟಿ ಐತೆಲ್ಲಾ ಅಡಿಕಿ!" ಎಂದ ಅವನು ಅಡಕೊತ್ತು ಒತ್ತುತ್ತ.

"ಗಟ್ಟಿ ಐತಂತನ ಆರಿಸಿ ಇಟ್ಟೀನಿ," ಎಂದೆ ಹೆಮ್ಮೆಯಿಂದ. ಯಾತಕ್ಕೆ ಆರಿಸಿದ್ದೆ ಎಂಬುದು ಒಮ್ಮೆ ಮನಸ್ಸಿನಲ್ಲಿ ಸುಳಿದು, ಗುಲಾಬ ಅಂಗೈಗೆ ಹೋಳು ಇಟ್ಟೊಡನೆ ಹಾರಿಹೋಯಿತು. ಅವನೇ ಕೊಟ್ಟ ಎಲೆಗೆ ಸುಣ್ಣ ಸವರಿದೆ, ಹೋಳು ಇಟ್ಟೆ, ಜಗಿದೆ. ಆಹಾ!

"ಆ ಆಯಿಗೂ ಒಂದು ಹೋಳು ಕೊಡ್ಲೇನು?"

"ಕೊಡು, ಕೊಡು! ಹಿರ್ಯಾರ ಬಾಯಿ ಆಡಬೇಕು!"

ಆಮೇಲೆ ಅರೆ ತಡವಿ ನೋಡಿದೆ. ಮೊಳೆ ಇಲ್ಲ, ಬತ್ತಿ ಇಲ್ಲ, ಹರಳಿಲ್ಲ, ಅಡಿಕೆಯೂ ಇಲ್ಲ. ಎಲ್ಲ ಕೆಲಸ ಮುಗಿದಿದೆ! "ಗುಲಾಬಾ, ನೋಡಿಲ್ಲಿ, ಹೊತ್ತು ಇಳಿಯೂದ್ರಾಗ ಜತ್ತಿನ ಕಾರಭಾರ ಖಲಾಸ!" ಎಂದು ಎದ್ದು ಎತ್ತು ಹೂಡಿದೆ.

ಗುಲಾಬ ನಗುತ್ತಿದ್ದ. "ಅಣ್ಣಾ, ಹೋಗೂಕಿಂತ ಮೊದಲ ಬಂಡಿ ಹಿಂದ ಒಮ್ಮಿ ನೋಡ್ರಲಾ."

"ಪದ್ಧತಿ ಇದ್ದಾಂವ ಹಿಂದ ನೋಡೂದಿಲ್ಲ!" ಎಂದು ಬಾರಕೋಲು ಎತ್ತಿದೆ.

ದಾರಿಯುದ್ದಕ್ಕೂ ಎತ್ತುಗಳಿಗೆ ನನ್ನ ಬುದ್ಧಿಯ ಕಥೆ ಹೇಳುತ್ತ ಬಂದೆ. ದಿಬ್ಬ ಬಂದಾಗ ಅವು ಏದುಸಿರು ಬಿಟ್ಟವು. ಉಪ್ಪಿನ ಭಾರ ಎಂದುಕೊಂಡೆ.

ಬಾಗಿಲಲ್ಲಿ ಸಿದ್ದಲಿಂಗವ್ವ ಕಾಲಿಗೆ ನೀರು ಹಿಡಿದು ನಿಂತಿದ್ದಳು. ನಾನು ಬಂಡಿಯಿಂದ ಧುಮುಕಿ, ಬರಿದಾದ ಚಂಚಿಯನ್ನು ಗೆದ್ದ ನಿಶಾನೆಯಂತೆ ಝಾಡಿಸಿದೆ. "ನೋಡ! ಒಂದರ ಉಳದೈತೇನ?"

"ಅವ್ವ ಎಲ್ಲಿ?"

ಅಡಿಕೆ ಇಟ್ಟಿದ್ದ ಅರೆಯನ್ನು ಮತ್ತೊಮ್ಮೆ ತಡವಿದೆ. ನಾಲಿಗೆಯ ಮೇಲೆ ಇನ್ನೂ ಅಡಿಕೆಯ ಒಗರು ಇತ್ತು.

"ಸಿದ್ದಲಿಂಗವ್ವಾ," ಎಂದೆ, "ನಿಮ್ಮವ್ವನ್ನ... ಗುಲಾಬ ಕತ್ತರಿಸಿದ. ನಾನು ತಿಂದ್ನಿ."

"ಏನಂದ್ರಿ?"

"ಅಡಿಕೀನ! ನೀ ಬ್ಯಾಡಂದ್ರೂ ಇಟ್ನಿ! ನಿಮ್ಮವ್ವ ಅಂದ್ರ ಅಡಕೊತ್ತಿಗೂ ಬಗ್ಗದ ಗಟ್ಟಿ ಅಡಿಕಿ, ಅದಕ್ಕ ಅದನ್ನ ಇಟ್ರ ಮರೆಯೂದಿಲ್ಲಂತ..."

ಅವಳು ಚೆಂಬನ್ನು ನೆಲಕ್ಕಿಟ್ಟು, ಒಳಗೆ ಹೋಗಿ, ತೊಟ್ಟಿಲಿನಿಂದ ಕೂಸನ್ನೆತ್ತಿ ಹೆಗಲಿಗೆ ಹಾಕಿಕೊಂಡು ಬಂದಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಎತ್ತಿನ ಕೊರಳಿನ ಹಗ್ಗಕ್ಕೆ ಮತ್ತೆ ಕೈ ಹಾಕಿ, "ಈಗಿಂದೀಗ ಜತ್ತಿಗೆ ಹೋಗ್ತೀನಿ. ಓಡ್ತಾ ಹೋಗ್ತೀನಿ!" ಎಂದೆ.

ಆಗ ಕಮಾನಿನ ಒಳಗಿನಿಂದ ಒಂದು ಕೆಮ್ಮು ಕೇಳಿತು.

ಉಪ್ಪಿನ ಚೀಲದ ಹಿಂದಿನಿಂದ ಮೊದಲು ಗಂಟು ಹೊರಬಂತು, ಆಮೇಲೆ ಸೆರಗು ಹೊದ್ದ ಒಂದು ತಲೆ. ಬೇವಿನ ಗಿಡದ ಬುಡದ ಅದೇ ಮುದುಕಿ! ನಮ್ಮ ಕಡೆ ಅತ್ತೆಯಾದವರು ಅಳಿಯನ ಹೆಸರು ಹಿಡಿದು ಕೂಗುವಂತಿಲ್ಲ, ಮೋರೆ ತೋರಿಸುವಂತಿಲ್ಲ. ನಾನು ತಮ್ಮನ್ನು ಕರೆದೊಯ್ಯಲೆಂದೇ ಬಂದಿದ್ದೇನೆಂದು ತಿಳಿದು, ನಾನು ಎತ್ತು ಹೂಡುವಾಗ ತಾವಾಗಿಯೇ ಹಿಂದಿನಿಂದ ಹತ್ತಿ ಕುಳಿತಿದ್ದರು.

ಸಿದ್ದಲಿಂಗವ್ವ "ಅವ್ವಾ!" ಎಂದು ಕೂಸಿನ ಸಮೇತ ಓಡಿದಳು. ನಾನು ಬಂಡಿಯ ಗಾಲಿಗೆ ಒರಗಿ ನಿಂತೆ. ಅತ್ತೆ ಮೊಮ್ಮಗಳ ಗಲ್ಲ ಸವರಿ, ನನ್ನ ಕಡೆ ಬೆನ್ನು ಮಾಡಿ, ನನಗೆ ಚೆನ್ನಾಗಿ ಕೇಳುವಷ್ಟು ಗಟ್ಟಿಯಾಗಿ ಮಗಳಿಗೆ ಹೇಳಿದರು:

"ಅಳಿಯಾರಿಗೆ ಹೇಳವಾ. ಆ ಅಡಿಕಿ ಅವರಂದಷ್ಟೇನ ಗಟ್ಟಿ ಇರಲಿಲ್ಲ. ನಾನೂ ಒಂದು ಹೋಳು ತಿಂದೀನಿ."