ಬಿ ಸೈಡಿನ ಕ್ಷಮಾಪಣೆ

ಗೊರಕೆ ಹೊಡೆಯುವುದು ಅಪರಾಧವೇನಲ್ಲ. ಆದರೆ ಹೆಂಡತಿ ಹಾಡುತ್ತಿರುವಾಗ ಮುಂದಿನ ಸಾಲಿನಲ್ಲಿ ಕೂತು, ಅದೂ ಕೈಯಲ್ಲಿ ಇನ್ನೊಂದು ಮೈಕು ಹಿಡಿದುಕೊಂಡು ಗೊರಕೆ ಹೊಡೆದರೆ ಅದನ್ನು ಬೇರೆ ಲೆಕ್ಕಕ್ಕೇ ಹಾಕಬೇಕಾಗುತ್ತದೆ.

ಶನಿವಾರ ಸಂಜೆ ಕುಕ್ ಟೌನಿನ ಆ ಪುಟ್ಟ ಅಪಾರ್ಟ್‌ಮೆಂಟಿನ ಕೆಳಗೆ, ಕಾರುಗಳನ್ನು ಹೊರಗೆ ನಿಲ್ಲಿಸಿ, ಹೊಸ ವರ್ಷದ ಕೂಟ ಇಟ್ಟುಕೊಂಡಿದ್ದರು. ಜಯಮಾಲಾ ಒಂದು ಭಾವಗೀತೆ ಹಾಡುವವರಿದ್ದರು. ಅವರ ಪತಿ ಮುತ್ತಣ್ಣನವರು ವಂದನಾರ್ಪಣೆ ಮಾಡುವವರಿದ್ದರು. ಮೈಕು ಮೊದಲೇ ಅವರ ಕೈ ಸೇರಿತ್ತು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಎರಡೂ ಸ್ಪೀಕರುಗಳಿಂದ ಗಂಭೀರವಾದ ಗುಂಯ್ಗುಟ್ಟುವಿಕೆ ಕೇಳತೊಡಗಿತು. ಮೇಲಿನ ಮಹಡಿಯ ಅಮೃತಮ್ಮ ಪಕ್ಕದವರಿಗೆ, "ಶ್ರುತಿ ಪೆಟ್ಟಿಗೆ ಚೆನ್ನಾಗಿದೆ, ಎಲ್ಲಿ ತಗೊಂಡ್ರೋ" ಎಂದರು. ಹಾಡು ನಿಂತಿತು. ಶ್ರುತಿ ನಿಲ್ಲಲಿಲ್ಲ.

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಮೇಜಿನ ಮೇಲೆ ಬಂದು ಕೂತಿತು. ಜಯಮಾಲಾ ಕಿಟಕಿಯ ಕಡೆ ನೋಡುತ್ತಾ ಒಂದೇ ಮಾತು ಹೇಳಿದರು: "ಅಮೆರಿಕದವರು ಹಾಡಿದ್ರೆ ಕಣ್ಣೀರು. ನಾನು ಹಾಡಿದ್ರೆ ನಿದ್ದೆ." ಆಮೇಲೆ ಬಾಯಿ ಬಿಡಲಿಲ್ಲ.

ಆ ಮಾತು ಸುಳ್ಳಾಗಿರಲಿಲ್ಲ. ವಿಮಾನಪುರದ ಕಾರ್ಖಾನೆಯ ಉಗ್ರಾಣದಲ್ಲಿ ಇಡೀ ಆಯುಷ್ಯ ನಟ್ಟು ಬೋಲ್ಟುಗಳ ನಡುವೆ ಕಳೆದ ಮುತ್ತಣ್ಣನವರಿಗೆ ಇದ್ದದ್ದು ಒಂದೇ ಹುಚ್ಚು. ಅಮೆರಿಕದ ಕಪ್ಪು ಗಾಯಕರು ಹಿಂದೆ ಹಾಡುತ್ತಿದ್ದ ನಿಧಾನಗತಿಯ ಪ್ರೇಮಗೀತೆಗಳು. ಸುಮ್ಮನೆ ಒಂದು ಪಿಯಾನೋ. ಮೊದಲು ಪಿಸುಮಾತಿನಂತೆ ಶುರುವಾಗಿ, ಮೆಟ್ಟಿಲು ಹತ್ತಿದಂತೆ ಏರಿ, ಕೊನೆಗೆ ಎದೆ ಬಿರಿಯುವ ಹಾಗೆ ಒಂದೇ ಸ್ವರವನ್ನು ಹಿಡಿದು ನಿಲ್ಲುವ ಗಂಡುದನಿ. ಪದಗಳ ಗೋಜಿಗೆ ಅವರು ಹೋದವರಲ್ಲ. ಆ ದನಿಯೇ ಅವರಿಗೆ ಸಾಕಾಗಿತ್ತು. ಮದುವೆಗೆ ಮುಂಚೆ ಅಂಥ ಹಾಡುಗಳ ಕ್ಯಾಸೆಟ್ ಒಂದನ್ನು ಮಾಡಿಸಿ ಜಯಮಾಲಾಗೆ ಕೊಟ್ಟಿದ್ದರು. ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ ಕ್ಯಾಸೆಟ್ಟೇ ಹೇಳಿತು, ಮದುವೆಯೂ ಆಯಿತು.

ಈಗಲೂ ಬಾಯಿಬಿಟ್ಟು 'ತಪ್ಪಾಯ್ತು' ಎನ್ನಲು ಅವರಿಂದ ಆಗುತ್ತಿರಲಿಲ್ಲ. ಜಯಮಾಲಾ ಮಾತಾಡದ ಮನೆ ಕರೆಂಟು ಹೋದ ಮನೆಯಂತೆ ಆಗಿಬಿಡುತ್ತಿತ್ತು. ಆ ಕ್ಯಾಸೆಟ್ಟಿನ ಬಿ ಸೈಡಿನ ಮೂರನೇ ಹಾಡನ್ನು ಇನ್ನೊಮ್ಮೆ ಕೇಳಿಸಿದರೆ ಅವಳು ಕರಗುತ್ತಾಳೆ ಎಂದು ಮುತ್ತಣ್ಣನವರಿಗೆ ಖಾತ್ರಿಯಿತ್ತು. ಆದರೆ ಕ್ಯಾಸೆಟ್ ಎಂದೋ ಬೂಸ್ಟು ಹಿಡಿದು ಹೋಗಿತ್ತು. ಹಾಡಿನ ಹೆಸರೂ ಗೊತ್ತಿರಲಿಲ್ಲ, ಹಾಡಿದವನ ಹೆಸರೂ ಗೊತ್ತಿರಲಿಲ್ಲ.

ಮೊದಲು ಎದುರು ಫ್ಲ್ಯಾಟಿನ ಲಿಖಿತ್‌ನ ಬಾಗಿಲು ತಟ್ಟಿದರು. ಗರುಡಾಚಾರ್‌ಪಾಳ್ಯದ ಆಫೀಸೊಂದರಲ್ಲಿ ಕೆಲಸ, ಸ್ನಾನ ಬಿಟ್ಟು ಉಳಿದೆಲ್ಲ ಹೊತ್ತೂ ಕಿವಿಗೆ ಹೆಡ್‌ಫೋನು.

"ಹಳೇದು ಯಾಕೆ ಅಂಕಲ್, ಹೊಸದೇ ಕೇಳ್ಸಿ. ಈಗ ಅಮೆರಿಕದಲ್ಲಿ ಎಲ್ಲರೂ ಕೇಳ್ತಿರೋದು ಇದೇ," ಎಂದು ಅವನು ಒಂದು ಹಾಡು ಹಾಕಿದ.

ಧಡ್ ಧಡ್ ಎಂದು ಗೋಡೆ ಕುಟ್ಟುವ ಸದ್ದು. ಅದರ ಹಿಂದೆ ಯಾರೋ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಮಾತಾಡಿದ ಹಾಗಿತ್ತು. ಮುತ್ತಣ್ಣನವರು ತಾಳ್ಮೆಯಿಂದ ಕಾದರು.

"ಇವನು ಹಾಡೋಕೆ ಯಾವಾಗ ಶುರು ಮಾಡ್ತಾನೆ?"

"ಮುಗೀತು ಅಂಕಲ್."

"ಏನಂದ?"

"ಹೋದ್ರೆ ಹೋಗು, ನಂಗೇನೂ ನಷ್ಟ ಇಲ್ಲ ಅಂದ."

"ಇದನ್ನ ಜಯಾಗೆ ಕೇಳ್ಸಿದ್ರೆ ನಾನು ಕೆ.ಆರ್. ಪುರ ಸ್ಟೇಷನ್ನಲ್ಲೇ ಮಲಗ್ಬೇಕಾಗುತ್ತೆ."

"ಹಾಡೋರು ಈಗ್ಲೂ ಇದ್ದಾರೆ ಅಂಕಲ್, ಚೆನ್ನಾಗೇ ಹಾಡ್ತಾರೆ. ಆದ್ರೆ ದನಿ ಮೇಲೆ ಹೋಗೋವರ್ಗೂ ಯಾರು ಕಾಯ್ತಾರೆ? ಅಷ್ಟ್ರಲ್ಲಿ ಜನ ಬೆರಳಲ್ಲಿ ಮುಂದಕ್ಕೆ ತಳ್ಬಿಟ್ಟಿರ್ತಾರೆ. ಅದೂ ಅಲ್ದೆ, ಈಗ ಹಾಡಲ್ಲಿ ಯಾರೂ ಸಾರಿ ಕೇಳಲ್ಲ."

"ಯಾಕೆ? ಗಂಡಸ್ರು ತಪ್ಪು ಮಾಡೋದು ಬಿಟ್ಬಿಟ್ರಾ?"

ಲಿಖಿತ್ ಹೆಡ್‌ಫೋನು ಮತ್ತೆ ಕಿವಿಗೇರಿಸಿಕೊಂಡ. "ಅದು ಗೊತ್ತಿಲ್ಲ ಅಂಕಲ್," ಎಂದ.

ಉಳಿದಿದ್ದ ದಾರಿ ಒಂದೇ. ಮುತ್ತಣ್ಣನವರು ಆಟೋ ಹಿಡಿದು ಶಿವಾಜಿನಗರಕ್ಕೆ ಹೋದರು. ಆ ಕ್ಯಾಸೆಟ್ ತುಂಬಿಸಿಕೊಟ್ಟ ವಾಜಿದ್ ಈಗ ಅದೇ ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಿದ್ದ, ಜೊತೆಗೆ ಸ್ಪೀಕರು ಬಾಡಿಗೆಗೆ ಕೊಡುತ್ತಿದ್ದ.

"ಹಾಡಿನ ಹೆಸರು ಗೊತ್ತಿಲ್ಲ ಅಂದ್ರೆ ಹೆಂಗೆ ಗುರು? ಸ್ವಲ್ಪ ಹಾಡು, ಹೇಳ್ತೀನಿ."

"ಇಲ್ಲೇನಾ? ಜನ ಇದ್ದಾರಲ್ಲೋ."

"ಅರೆ, ಜನ ಇರೋದು ಕವರ್ ತಗೊಳೋಕೆ. ನಿನ್ ಹಾಡು ಯಾರಿಗ್ ಬೇಕು?"

ಮುತ್ತಣ್ಣನವರು ಕಣ್ಣು ಮುಚ್ಚಿ ಗುನುಗಿದರು. ಏರುವ ಜಾಗ ಬಂದಾಗ ತಮಗರಿವಿಲ್ಲದೆಯೇ ಗಂಟಲು ತೆರೆದರು. ಕವರು ಕೊಳ್ಳುತ್ತಿದ್ದ ಹೆಂಗಸೊಬ್ಬಳು ಅವರ ಮುಖ ನೋಡಿ, "ನೀರ್ ಕೊಡ್ಲಾ ಸಾರ್?" ಎಂದಳು. ವಾಜಿದ್ ಮಾತ್ರ ಕೈಲಿದ್ದ ಕವರನ್ನು ಕೆಳಗಿಟ್ಟ.

"ಬಿ ಸೈಡ್, ಮೂರನೇದು. ಮರೆಯೋಕಾಗುತ್ತಾ? ಈ ರಸ್ತೆಯ ಅರ್ಧ ಮದುವೆ ಆ ಹಾಡಿಂದ್ಲೇ ಆಗಿದ್ದು." ಹೆಸರು ಹೇಳಿ, ಒಂದು ದೊಡ್ಡ ಸ್ಪೀಕರನ್ನೂ ಎತ್ತಿಕೊಟ್ಟ. "ನಾಳೆ ವಾಪಸ್ ತಾ, ಬಾಡಿಗೆ ಬೇಡ. ಆದ್ರೆ ಒಂದ್ ಮಾತು ಭಾಯ್. ಇದನ್ನ ಮದುವೆಗೆ ಮುಂಚೆ ಎಷ್ಟೋ ಜನ ತಗೊಂಡೋಗಿದ್ದಾರೆ. ಆಮೇಲೆ ಯಾರೂ ಕೇಳ್ಕೊಂಡು ಬಂದಿಲ್ಲ."

ಒಳ್ಳೆಯದನ್ನು ಜನ ಬೇಗ ಮರೆಯುತ್ತಾರೆ ಎಂದುಕೊಂಡು ಮುತ್ತಣ್ಣನವರು ಆಟೋ ಹತ್ತಿದರು.

ಗೇಟಿನಲ್ಲೇ ಅಮೃತಮ್ಮ ಸಿಕ್ಕರು. "ಇದೇನು ಮುತ್ತಣ್ಣನವರೇ, ಇವತ್ತೂ ಪ್ರೋಗ್ರಾಮಾ?"

"ಏನಿಲ್ಲಮ್ಮ. ಮನೆಯವರಿಗೆ ಒಂದು ಹಾಡು ಕೇಳ್ಸೋಣ ಅಂತ ಶಿವಾಜಿನಗರಕ್ಕೆ ಹೋಗಿ ತಂದೆ. ನಿನ್ನೆ ಆಗಿದ್ದಕ್ಕೆ."

"ಓ, ಕ್ಷಮಾಪಣೆನಾ? ಮಾಡ್ಬೇಕು ಮಾಡ್ಬೇಕು," ಎಂದವರು ಮೆಟ್ಟಿಲು ಹತ್ತಿದ ವೇಗ ಅವರ ಮಂಡಿ ನೋವಿಗೆ ಹೊಂದುವಂತಿರಲಿಲ್ಲ. ಮೆಟ್ಟಿಲಿನ ತುಂಬ ಹಿತಕಿದ ಬೇಳೆ ಸಾರಿನ ಘಮ ಹರಡಿತ್ತು. ಯಾರ ಮನೆಯದೋ, ಪುಣ್ಯವಂತರು ಎಂದು ಮುತ್ತಣ್ಣನವರು ನಿಟ್ಟುಸಿರು ಬಿಟ್ಟರು.

ಸಂಜೆಯ ಹೊತ್ತಿಗೆ ಎಲ್ಲ ಬಾಲ್ಕನಿಗಳೂ ತುಂಬಿದ್ದವು. ಯಾರೋ ಕಡಲೆಕಾಯಿ ಹಂಚುತ್ತಿದ್ದರು. ಕೆಳಗೆ ಲಿಖಿತ್ ಸ್ಪೀಕರಿಗೆ ತನ್ನ ಫೋನು ಜೋಡಿಸುತ್ತಿದ್ದ. ಇಷ್ಟು ಗದ್ದಲಕ್ಕೆ ಜಯಮಾಲಾ ಕೂಡ ಮೊದಲ ಮಹಡಿಯ ಬಾಲ್ಕನಿಗೆ ಬಂದು, ಕೈಕಟ್ಟಿ ನಿಂತರು.

ಮುತ್ತಣ್ಣನವರು ತಲೆಯಾಡಿಸಿದರು. ಲಿಖಿತ್ ಗುಂಡಿ ಒತ್ತಿದ.

ಅಳಿಲೊಂದು ಗಂಟಲಿಗೆ ಏನೋ ಸಿಕ್ಕಿಸಿಕೊಂಡು ಓಡುತ್ತಾ ಹಾಡಿದಂಥ ದನಿ ಹೊರಟಿತು. ಬಾಲ್ಕನಿಗಳು ನಕ್ಕವು.

"ಸಾರಿ ಅಂಕಲ್, ಇದು ಸ್ಪೀಡ್ ಮಾಡಿರೋದು. ರೀಲ್ಸ್‌ಗೆ ಅಂತ ಹೀಗೇ ಓಡ್ಸ್ತಾರೆ. ಸರಿಯಾದ್ದು ಕೆಳಗಿದೆ ಇರಿ."

ಆಮೇಲೆ ಸರಿಯಾದದ್ದು ಶುರುವಾಯಿತು. ಪಿಯಾನೋ, ಪಿಸುಮಾತು. ಕಡಲೆಕಾಯಿ ಸುಲಿಯುವ ಸದ್ದು ನಿಂತಿತು. ದನಿ ಏರಿತು, ಬೇಡಿತು, ಒಡೆಯಿತು, ಒಡೆದ ಜಾಗದಿಂದಲೇ ಮತ್ತೆ ಎದ್ದಿತು. ರಸ್ತೆಯಲ್ಲಿ ಹೋಗುತ್ತಿದ್ದ ಡೆಲಿವರಿ ಗಾಡಿಯವನೂ ಎಂಜಿನ್ ಆರಿಸಿ ನಿಂತ. ಮುತ್ತಣ್ಣನವರ ಕಣ್ಣು ತುಂಬಿ ಬಂತು. ಇಂಥ ಹಾಡನ್ನು ಜಗತ್ತು ಹೇಗೆ ಕೈಬಿಟ್ಟಿತು ಎಂದು ನಿಜವಾಗಿ ಸಂಕಟವಾಯಿತು. ತಲೆಯೆತ್ತಿ ನೋಡಿದರೆ ಜಯಮಾಲಾ ಅಲುಗಾಡದೆ, ಒಂದೊಂದು ಅಕ್ಷರವನ್ನೂ ಬಿಡದೆ ಕೇಳುತ್ತಿದ್ದರು. ಕ್ಯಾಸೆಟ್ಟಿನ ಕಾಲದಲ್ಲಿ ಅವರಿಗೂ ಬರೀ ದನಿಯೇ ಸಾಕಾಗಿತ್ತು; ಆಮೇಲೆ ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವರು ಅವರು.

ಹಾಡು ಮುಗಿಯಿತು. ಅಮೃತಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಒಂದಕ್ಷರ ಅರ್ಥ ಆಗ್ಲಿಲ್ಲ, ಆದ್ರೂ ಕರುಳು ಚುರುಕ್ ಅಂತು," ಎಂದರು.

ಜಯಮಾಲಾ ಕಟಕಟೆಗೆ ಕೈಯೂರಿ ಬಗ್ಗಿದರು.

"ರೀ. ನಿನ್ನೆ ನಿದ್ದೆ ಮಾಡಿದ್ದನ್ನ ನಾನು ಮಧ್ಯಾಹ್ನಾನೇ ಮರ್ತಿದ್ದೆ. ನಿಮಗಿಷ್ಟ ಅಂತ ಕೂತು ಅವರೆಕಾಳು ಹಿತಕಿ ಸಾರು ಮಾಡಿದ್ದೆ."

ಮುತ್ತಣ್ಣನವರ ಮುಖ ಅರಳಿತು.

"ಆದ್ರೆ ಒಂದು ಗೊರಕೆಗೆ ಯಾರೂ ಇಷ್ಟೊಂದು ಗೋಗರೆಯಲ್ಲ. ಇನ್ಮೇಲೆ ಆ ಮನೆ ಮೆಟ್ಟಿಲು ಹತ್ತಲ್ಲ, ಅವಳ ಮುಖ ನೋಡಲ್ಲ ಅಂತ ಬೇಡ್ಕೊಂಡ್ರಲ್ಲ, ಯಾವ ಮನೆ ಅದು? ಯಾರು ಅವಳು?"

"ನಾನಲ್ಲ ಜಯಾ, ಅವನು..."

"ಶಿವಾಜಿನಗರದವರೆಗೂ ಹೋಗಿ, ಇದೇ ಹಾಡು ಬೇಕು ಅಂತ ಹುಡುಕಿ ತಂದಿದ್ದು ನೀವು."

"ಪದ ನಾನು ಕೇಳಿಸ್ಕೊಂಡೇ ಇಲ್ಲ ಕಣೇ. ಇಷ್ಟು ವರ್ಷ ಬರೀ ದನಿ ಕೇಳಿದ್ದೀನಿ."

"ಗೊತ್ತು. ನನ್ನ ಮಾತನ್ನೂ ಹಾಗೇ ಕೇಳ್ತೀರಿ." ಜಯಮಾಲಾ ಒಳಗೆ ತಿರುಗಿದರು. "ರಾತ್ರಿ ಊಟಾನೂ ಆ ಮನೇಲೇ ಮಾಡಿ."

ಬಾಲ್ಕನಿಯ ಬಾಗಿಲು ಮುಚ್ಚಿತು. ಉಳಿದ ಬಾಲ್ಕನಿಗಳಲ್ಲಿ ಒಬ್ಬರೂ ಒಳಗೆ ಹೋಗಲಿಲ್ಲ.

"ಮುತ್ತಣ್ಣನವರೇ," ಅಮೃತಮ್ಮ ಮೇಲಿನಿಂದ ಮೆತ್ತಗೆ ಕೇಳಿದರು, "ಯಾವ ಮನೆ ಅಂತ ನಮ್ಗಾದ್ರೂ ಹೇಳಿ."

ಲಿಖಿತ್ ಸ್ಪೀಕರಿನ ವೈರು ಸುತ್ತುತ್ತಾ ಹತ್ತಿರ ಬಂದ.

"ಅಂಕಲ್, ಬೆಳಿಗ್ಗೆ ಕೇಳಿದ್ರಲ್ಲ," ಎಂದ. "ಈಗಿನೋರು ಹಾಡಲ್ಲಿ ಸಾರಿ ಕೇಳೋದು ಯಾಕೆ ಬಿಟ್ರು ಅಂತ. ಈಗ ಗೊತ್ತಾಯ್ತು."