ಮದ್ದಿನ ಮನೆಯ ನೆರಳಿನಲ್ಲಿ ಪೈಪು

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷ. ಕೈಗಡಿಯಾರ ನೋಡಿಕೊಂಡೇ ಹೇಳುತ್ತಿದ್ದೇನೆ. ಗಡದ್ದಾಗಿ ಊಟ ಮುಗಿಸಿ, ಪೈಪು ಹಚ್ಚಲು ಒಳ್ಳೆಯ ನೆರಳು ಹುಡುಕುತ್ತಾ ಹೊರಟ ನಾನು, ಗದ್ದೆಯ ನಡುವೆ ಕಟ್ಟಿದ್ದ ಒಂದು ಹಗ್ಗವನ್ನು ಎತ್ತಿ ಅದರಡಿ ನುಸುಳಿದ್ದು ಸರಿಯಾಗಿ ಆಗಲೇ. ದನಗಳು ಒಳಗೆ ಬಾರದಿರಲೆಂದು ಹಗ್ಗ ಕಟ್ಟಿದ್ದಾರೆ ಎಂದುಕೊಂಡೆ. ಕಟ್ಟಿದವರ ಉದ್ದೇಶವೂ ಹೆಚ್ಚುಕಡಿಮೆ ಅದೇ ಆಗಿತ್ತು!

ನಾನು ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ ಬಿ.ಎ. ಪಾಸು ಮಾಡಿದವನು. ಕೇಂದ್ರ ಸರ್ಕಾರದ ಗುಮಾಸ್ತನಾಗಿ ತಿರುವನಂತಪುರಕ್ಕೆ ಬಂದು, ಚಾಲೈ ಪೇಟೆಯ ಹಿಂದಿನ ಓಣಿಯಲ್ಲಿ ಸಂಸಾರ ಹೂಡಿದ್ದೆ. ಕೇರಳ ರಾಜ್ಯ ಹುಟ್ಟಿ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ ಅದು. ನನ್ನ ಹೆಂಡತಿ ಸುಮಿತ್ರ ಕಾಸರಗೋಡಿನವಳು. ಅವಳಿಗೆ ಮಲಯಾಳ ನೀರು ಕುಡಿದಷ್ಟು ಸುಲಭ. ನನಗೆ ಬರುತ್ತಿದ್ದದ್ದು ‘ವೇಂಡ’ ಎಂಬ ಒಂದೇ ಮಾತು. ಬೇಡ ಎಂದು ಅದರರ್ಥ. ಊಟದೆಲೆಯ ಮುಂದೆ ಬಿಟ್ಟರೆ ಬೇರೆಲ್ಲೂ ಅದರಿಂದ ಉಪಯೋಗವಾಗಿರಲಿಲ್ಲ.

ಕಚೇರಿಯ ಕೆಲಸಕ್ಕೆ ಕೊಚ್ಚಿಗೆ ಹೋಗಿದ್ದಾಗ ಮಟ್ಟಾಂಚೇರಿಯ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ ಆ ಪೈಪು ಕಣ್ಣಿಗೆ ಬಿತ್ತು. ಊರಿಗೆ ವಾಪಸು ಹೊರಟ ಯಾವನೋ ಇಂಗ್ಲಿಷ್ ದೊರೆ ಬಿಟ್ಟುಹೋದದ್ದು. ಬಾಯಿಗಿಟ್ಟುಕೊಂಡು ಅಂಗಡಿಯ ಕನ್ನಡಿ ನೋಡಿದೆ. ಗುಮಾಸ್ತ ಮಾಯವಾಗಿ ಒಬ್ಬ ವಿದ್ವಾಂಸ ನಿಂತಿದ್ದ!

“ಇದೆಂತ ಮಾರಾಯ್ರೆ? ಯಾವನೋ ದೊರೆಯ ಎಂಜಲು ತಂದು ಬಾಯಿಗೆ ಇಡ್ತೀರಾ?” ಎಂದಳು ಸುಮಿತ್ರ.

“ಬಿಸಿನೀರಿನಲ್ಲಿ ತೊಳೆದಿದ್ದೇನೆ ಕಣೇ.”

“ಅವನ ಆತ್ಮ ಅದರೊಳಗೆ ಕೂತಿದ್ರೆ? ಅದನ್ನು ತೊಳೀಲಿಕ್ಕೆ ಆಗ್ತದಾ? ಮನೆಯೊಳಗೆ ಹಚ್ಚಿದ ದಿನ ನಾನು ಕಾಸರಗೋಡಿಗೆ ಹೊರಟೆ ಅಂತ ತಿಳ್ಕೊಳ್ಳಿ.”

ಹೀಗೆ ನನ್ನ ಪೈಪು ಹೊರಗಿನ ಪೈಪಾಯಿತು. ಬೇಸಿಗೆಯ ಬಿಸಿಲಿನಲ್ಲಿ ಹೊರಗೆ ಕೂತು ಪೈಪು ಸೇದುವುದು ಹುಚ್ಚು ಎನ್ನುವವರು ಅದರ ಸುಖ ಕಾಣದವರು. ಹೊರಗೆ ಅಷ್ಟು ಕಾವಿರುವಾಗ ಬಾಯೊಳಗಿನ ಹೊಗೆ ತಂಪೆನಿಸುತ್ತದೆ. ಎಲೆಯೂ ಅಲುಗದ ಮಧ್ಯಾಹ್ನದಲ್ಲಿ ಹೊಗೆ ಚದುರದೆ ಮುಖದೆದುರೇ ತೂಗಾಡುತ್ತಾ ನಿಲ್ಲುತ್ತದೆ, ಹೋಗಲು ಮನಸ್ಸಿಲ್ಲದ ನೆಂಟನಂತೆ. ಅವಸರ ಕೂಡದು. ಸಣ್ಣಗೆ ಎಳೆಯಬೇಕು, ಆಗಾಗ ಹೆಬ್ಬೆರಳಿನಿಂದ ಹೊಗೆಸೊಪ್ಪನ್ನು ಒತ್ತಬೇಕು. ಎಲ್ಲ ಮುಗಿದ ಮೇಲೆ ಹತ್ತಿರದ ಯಾವುದಾದರೂ ಕಂಬಕ್ಕೆ ಟಕ್ ಟಕ್ ಎಂದು ಬಡಿದು ಒಳಗಿನ ಕೆಂಡ, ಬೂದಿ ಎಲ್ಲವನ್ನೂ ಉದುರಿಸಬೇಕು. ಈ ಕಡೆಯ ವಿಧಿ ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಕಂಬ ಕಂಡರೆ ಸಾಕು, ಕೈ ತಾನಾಗಿ ಏಳುತ್ತಿತ್ತು.

ಸುಮಿತ್ರಳ ಅಣ್ಣ ಶ್ರೀಪತಿ ಎರ್ನಾಕುಳಂನಲ್ಲಿ ಕೋರ್ಟು ಕೆಲಸದಲ್ಲಿದ್ದ, ಮನೆ ತ್ರಿಪ್ಪುಣಿತ್ತುರದಲ್ಲಿ. ಆ ಬೇಸಿಗೆಯಲ್ಲಿ ಅವನ ಮನೆಗೆ ಹೋಗಿದ್ದೆವು. ಅಲ್ಲಿಂದಾಚೆಯ ಒಂದು ಹಳ್ಳಿಯಲ್ಲಿ ಅವನ ಸ್ನೇಹಿತರಿದ್ದರು. ಅಂದು ರಾತ್ರಿ ಅವರೂರಿನ ದೇವಸ್ಥಾನದ ಸಿಡಿಮದ್ದಿನ ಸೇವೆ. ನಮಗೆಲ್ಲ ಮಧ್ಯಾಹ್ನದ ಊಟಕ್ಕೇ ಕರೆ. ಆ ಊರಿನ ಹೆಸರು ಹೇಳುವುದಿಲ್ಲ. ಅವರು ನನ್ನನ್ನು ಮರೆತಿದ್ದರೆ ನೆನಪಿಸುವುದೇಕೆ?

ಊಟವಾದ ಮೇಲೆ ಎಲ್ಲರೂ ಜಗಲಿಯಲ್ಲಿ ಉರುಳಿಕೊಂಡರು. ಅರಳಿಕಟ್ಟೆಯಲ್ಲಿ ಚೆಂಡೆಯವರು ಕೈ ಪಳಗಿಸಿಕೊಳ್ಳುತ್ತಿದ್ದರು. ನನಗೆ ಬೇಕಾದದ್ದು ಮೌನ. ಕೊಯ್ಲು ಮುಗಿದು ಬಿರಿದಿದ್ದ ಗದ್ದೆಯ ನಟ್ಟನಡುವೆ ತೆಂಗಿನ ಗರಿಯ ಒಂದು ಚಪ್ಪರದ ಮನೆ ಕಾಣಿಸಿತು. ಸುತ್ತ ಹಗ್ಗ. ಹಗ್ಗದ ಒಳಗೆ ಸಾಲಾಗಿ ನೀರು ತುಂಬಿದ ಮಡಕೆಗಳು, ಒದ್ದೆ ಗೋಣಿ, ಒಂದು ಮರಳಿನ ಗುಡ್ಡೆ. ತರ್ಕಶಾಸ್ತ್ರ ನನ್ನೊಳಗೆ ಎಚ್ಚೆತ್ತಿತು. ಜನಸಂದಣಿಯಿಂದ ದೂರ, ಕುಡಿಯಲು ನೀರು, ಕೂರಲು ತಣ್ಣನೆಯ ಮರಳು. ಆದ್ದರಿಂದ ಇದು ಗಣ್ಯ ಅತಿಥಿಗಳ ವಿಶ್ರಾಂತಿಧಾಮ! ಒಂದು ಮಡಕೆಯಿಂದ ನೀರು ಕುಡಿದೆ. ಗೋಣಿಯಿಂದ ಮುಖ ಒರೆಸಿಕೊಂಡೆ. ಗರಿಯ ಗೋಡೆಗೆ ಒರಗಿ ಕಾಲು ಚಾಚಿದೆ. ಕಡ್ಡಿ ಗೀರಿದೆ.

ಅದು ಅವರ ‘ವೆಡಿಪ್ಪುರ’. ಅಂದರೆ ಮದ್ದಿನ ಮನೆ. ಆ ರಾತ್ರಿ ಆಕಾಶಕ್ಕೆ ಹೋಗಬೇಕಾದದ್ದೆಲ್ಲವೂ ನನ್ನ ಬೆನ್ನ ಹಿಂದೆ, ಒಂದು ಗರಿಯ ದಪ್ಪದಾಚೆ ಇತ್ತು. ಅದರ ಜೊತೆಗೆ ಒಬ್ಬ ಮನುಷ್ಯನೂ ಇದ್ದ. ಜೀವಮಾನವೆಲ್ಲ ಮದ್ದು ತುಂಬಿಸಿ, ಅದರ ಸದ್ದಿಗೆ ಕಿವಿ ಪೂರ್ತಿ ಕಳೆದುಕೊಂಡಿದ್ದ ಮುದುಕ. ಹೊರಗಿನಿಂದ ಎಷ್ಟು ಕೂಗಿದರೂ ಅವನು ಎದ್ದು ಬರುವಂತಿರಲಿಲ್ಲ.

ಇದು ಆಗ ನನ್ನೊಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು.

ಮೊದಲ ಕಡ್ಡಿ ಆರಿತು. ಎರಡನೆಯದೂ ಆರಿತು. ಮೂರನೆಯದಕ್ಕೆ ಪೈಪು ಹತ್ತಿಕೊಂಡಿತು. ಕಣ್ಣು ಮುಚ್ಚಿ ಎರಡು ದಮ್ಮು ಎಳೆದೆನೋ ಇಲ್ಲವೋ, ಚೆಂಡೆ ನಿಂತುಹೋಯಿತು. ನಿಧಾನವಾಗಿ ಇಳಿದು ನಿಂತದ್ದಲ್ಲ. ಪೆಟ್ಟಿನ ನಡುವೆಯೇ, ಕೋಲು ಗಾಳಿಯಲ್ಲಿ ಉಳಿದಂತೆ. ಕಾಗೆಗಳೂ ಸುಮ್ಮನಾದವು ಎಂದು ನನ್ನ ನೆನಪು. ಕಣ್ಣು ತೆರೆದೆ.

ಗದ್ದೆಯಂಚಿನ ಉದ್ದಕ್ಕೂ ಜನ ನಿಂತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ಒಬ್ಬರೂ ಅಲುಗುತ್ತಿರಲಿಲ್ಲ. ಉರಿಯುವ ಬಿಸಿಲಿನಲ್ಲಿ ಅಷ್ಟೂ ಮಂದಿ ನನ್ನನ್ನೇ ನೋಡಿ ನಗುತ್ತಿದ್ದರು. ಹಲ್ಲು ಕಾಣುವಷ್ಟು ನಗು. ಕಣ್ಣು ಮಾತ್ರ ನಗುತ್ತಿರಲಿಲ್ಲ.

ಪೈಪಿಗೆ ಹಳ್ಳಿಯ ಜನ ಇಷ್ಟು ಗೌರವ ಕೊಡುತ್ತಾರೆಂದು ನಾನು ಎಣಿಸಿರಲಿಲ್ಲ. ಪ್ರತಿವಂದನೆ ಮಾಡಬೇಡವೇ? ಪೈಪು ಹಿಡಿದ ಕೈಯನ್ನೇ ಎತ್ತಿ ಬೀಸಿದೆ. ಒಂದು ಕಿಡಿ ಹಾರಿ ಮರಳಿನ ಮೇಲೆ ಬಿತ್ತು. ಅಷ್ಟೂ ಜನ ಗಾಳಿಗೆ ಬಾಗಿದ ಪೈರಿನಂತೆ ಒಟ್ಟಿಗೆ ಹಿಂದಕ್ಕೆ ವಾಲಿ, ಮತ್ತೆ ಒಟ್ಟಿಗೆ ನೆಟ್ಟಗಾದರು. ನಗು ಹಾಗೇ ಇತ್ತು.

ಮದ್ದಿನ ಮೇಸ್ತ್ರಿ, ಎಲ್ಲರೂ ಆಶಾನ್ ಎನ್ನುತ್ತಿದ್ದ ದಪ್ಪ ಮನುಷ್ಯ, ಒಂದು ಎಳನೀರು ಹಿಡಿದು ಎರಡು ಹೆಜ್ಜೆ ಮುಂದೆ ಬಂದ. “ಸಾರೇ... ವರೂ, ವರೂ...” ಎಂದ, ಮಗುವನ್ನು ಮಲಗಿಸುವ ದನಿಯಲ್ಲಿ. ಬನ್ನಿ ಎಂದು ಅದರರ್ಥವೆಂದು ಆಮೇಲೆ ತಿಳಿಯಿತು.

ಹೊಟ್ಟೆ ತುಂಬಿತ್ತು. “ವೇಂಡ!” ಎಂದೆ. ನನ್ನ ಮಲಯಾಳ ಕಡೆಗೂ ಉಪಯೋಗಕ್ಕೆ ಬಂತು.

ಆಗ ಗುಂಪಿನ ಮುಂದೆ ಶ್ರೀಪತಿ ಭಾವ ಕಾಣಿಸಿಕೊಂಡ. ಮದುವೆಯಾದಂದಿನಿಂದ ಈ ಮನುಷ್ಯ ನನ್ನನ್ನು ನೋಡಿ ಒಮ್ಮೆಯೂ ನಕ್ಕವನಲ್ಲ. ಈಗ ಕಿವಿಯಿಂದ ಕಿವಿಗೆ ನಗುತ್ತಿದ್ದ. “ಭಾವಾ, ಇಲ್ಲಿ ಬನ್ನಿ. ನಿಮ್ಮ ಹತ್ತಿರ ಸ್ವಲ್ಪ ಮಾತಾಡ್ಲಿಕ್ಕುಂಟು. ಮೆಲ್ಲ ಬನ್ನಿ. ಅವಸರ ಇಲ್ಲ.”

ಹೆದರಬೇಕಾದದ್ದು ಆಗಲೇ. ಆದರೆ ಬಿ.ಎ. ಓದಿದವರು ಅಷ್ಟು ಸುಲಭಕ್ಕೆ ಹೆದರುವುದಿಲ್ಲ. “ಇದು ಮುಗಿಯಲಿ ಭಾವ, ಬಂದೆ,” ಎಂದು ಹಾಯಾಗಿ ಇನ್ನೊಂದು ದಮ್ಮು ಎಳೆದೆ.

ಬೆನ್ನ ಹಿಂದೆ ಕರ ಕರ ಸದ್ದು. ಯಾರೋ ಏನನ್ನೋ ಕೆರೆಯುತ್ತಿರುವಂತೆ. ನಿಂತಿತು. ಮತ್ತೆ ಕರ ಕರ. ಈ ಚಪ್ಪರದೊಳಗೆ ಯಾರಿರಬಹುದು? ತಿರುಗಿ, ಗರಿಗಳನ್ನು ಎರಡು ಬೆರಳಿನಿಂದ ಸರಿಸಿ, ಇಣುಕಿದೆ. ಪೈಪು ಬಾಯಲ್ಲೇ ಇತ್ತು!

ಒಳಗೆ ಕತ್ತಲು. ಆ ಕತ್ತಲಲ್ಲಿ, ನನ್ನ ಮುಖಕ್ಕೆ ಎದುರಾಗಿ, ಒಂದು ಮುಖ. ಬೂದಿ ಬಣ್ಣದ್ದು. ರೆಪ್ಪೆ ಬೂದಿ, ತುಟಿ ಬೂದಿ, ಮಡಿಲಲ್ಲಿ ಅಲುಗದೆ ನಿಂತ ಕೈಗಳೂ ಬೂದಿ. ಸುಡುಗಾಡಿನಿಂದ ಎದ್ದು ಬಂದವರನ್ನು ನಾನು ಕಂಡಿಲ್ಲ. ಕಂಡರೆ ಅವರು ಹೀಗೆಯೇ ಇರುತ್ತಾರೆಂದು ಆಣೆ ಮಾಡಿ ಹೇಳಬಲ್ಲೆ. ಪೈಪಿನೊಳಗಿನ ದೊರೆಯೇ ಎದ್ದನೋ ಎನಿಸಿತು. ಆ ಮುಖ ಮೊದಲು ನನ್ನನ್ನು ನೋಡಿತು. ಆಮೇಲೆ ಪೈಪಿನ ಬಾಯಿಯ ಕೆಂಪನ್ನು ನೋಡಿತು. ಆಮೇಲೆ, ನಿಧಾನವಾಗಿ, ಅದೂ ನಕ್ಕಿತು.

ಸರಕ್ಕನೆ ತಲೆ ಹಿಂದಕ್ಕೆಳೆದುಕೊಂಡೆ. ಇನ್ನು ಪೈಪು ಸಾಕು ಎನಿಸಿತು. ಚಪ್ಪರದ ಅಡಿಕೆಮರದ ಕಂಬ ಪಕ್ಕದಲ್ಲೇ ಇತ್ತು. ಕಂಬ ಕಂಡಿತಲ್ಲ, ಕೈ ತಾನಾಗಿ ಎದ್ದಿತು.

“ಒಂದು ನಿಮಿಷ.”

ಸುಮಿತ್ರ. ಹಗ್ಗದೊಳಗೆ, ನನ್ನಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದಳು. ಬರಿಗಾಲು. ಆ ಕಾದ ಗದ್ದೆಯಲ್ಲಿ ಅವಳು ನಡೆದು ಬಂದದ್ದೇ ನನಗೆ ಕೇಳಿಸಿರಲಿಲ್ಲ. ಮುಖ ಸುಣ್ಣದಂತಿತ್ತು. ದನಿ ಮಾತ್ರ, ಸಂತೆಗೆ ಹೊರಟವನಿಗೆ ಕೊತ್ತಂಬರಿ ತರಲು ಹೇಳುವಂತಿತ್ತು.

“ಅದನ್ನು ಉದುರಿಸ್ಬೇಡಿ. ನಂಗೂ ಒಮ್ಮೆ ಸೇದಿ ನೋಡ್ಬೇಕು ಅಂತ ಆಸೆ ಆಗಿದೆ.”

ಕೈ ಗಾಳಿಯಲ್ಲೇ ನಿಂತಿತು. ಲೋಕದಲ್ಲಿ ಬೇರೆ ಯಾವ ಮಾತೂ ಆ ಕೈಯನ್ನು ನಿಲ್ಲಿಸುತ್ತಿರಲಿಲ್ಲ! “ನೀನಾ? ಪೈಪಾ?”

“ಯಾಕೆ, ನಿಮಗೊಬ್ಬರಿಗೇ ಇಂಗ್ಲಿಷ್ ಬರೂದಾ? ಕೊಡಿ.”

ನನ್ನ ಎದೆಯುಬ್ಬಿತು. ಹೆಂಡತಿ ಕಡೆಗೂ ನಾಗರಿಕಳಾದಳು! “ತಾಳು, ಹೊಸ ಸೊಪ್ಪು ತುಂಬಿ, ಕಡ್ಡಿ ಗೀರಿ ಕೊಡ್ತೇನೆ,” ಎಂದು ಬೆಂಕಿಪೆಟ್ಟಿಗೆ ತೆಗೆದೆ.

“ಬೇಡ!” ಎಂದಳು. ಒಡನೆ ದನಿ ಇಳಿಸಿದಳು. “ಪೆಟ್ಟಿಗೆಯೂ ನನ್ನ ಹತ್ತಿರವೇ ಇರಲಿ. ಅಣ್ಣ ನೋಡ್ತಿದ್ದಾನೆ, ನಾಚಿಕೆ ಆಗ್ತದೆ. ಕೆರೆ ಹತ್ತಿರ ಮರೆ ಉಂಟು. ಅಲ್ಲಿ ಹೋಗುವ.”

ಪೈಪು ಅವಳ ಕೈಸೇರಿತು. ಅದೇ ಹೊತ್ತಿಗೆ, ದಿನವಿಡೀ ಇಲ್ಲದ ಗಾಳಿ ಗದ್ದೆಯ ಮೇಲಿಂದ ಬೀಸಿತು. ಪೈಪಿನೊಳಗೆ ಕೆಂಡ ಕಣ್ಣು ಬಿಟ್ಟಿತು. ಸುಮಿತ್ರ ಅದರ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು. ಮುಚ್ಚಿಕೊಂಡೇ ನಡೆದಳು. ಓಡಲಿಲ್ಲ. ನಾನು ಹಿಂದೆ ಹಿಂದೆ, ಪೈಪು ಹಿಡಿಯುವ ಕ್ರಮ ಅದಲ್ಲವೆಂದು ಉಪದೇಶ ಮಾಡುತ್ತಾ ಹೋದೆ. “ಹಾಗೆ ಮುಚ್ಚಿದರೆ ಉಸಿರು ಕಟ್ಟಿ ಆರಿಹೋಗುತ್ತೆ ಕಣೇ!”

ಕೆರೆಯ ಕೊನೆಯ ಮೆಟ್ಟಿಲಿಗಿಳಿದು ಅವಳು ಪೈಪನ್ನೂ ಬೆಂಕಿಪೆಟ್ಟಿಗೆಯನ್ನೂ ತನ್ನೆರಡು ಕೈಗಳನ್ನೂ ಒಟ್ಟಿಗೆ ನೀರಿಗಿಳಿಸಿದಳು. ಚುಯ್ ಎಂದಿತು. ಕೈ ಮೇಲೆ ಬಂದಾಗ ಪೈಪಿರಲಿಲ್ಲ. ಅಂಗೈ ನಡುವೆ ಪೈಪಿನ ಬಾಯಿಯಷ್ಟೇ ದುಂಡಗೆ ಚರ್ಮ ಸುಟ್ಟಿತ್ತು.

ನಾನು ತಿರುಗಿ ನೋಡಿದೆ. ಯಾರ ಮುಖದಲ್ಲೂ ನಗುವಿರಲಿಲ್ಲ. ಇಬ್ಬರು ಚಪ್ಪರಕ್ಕೆ ಓಡಿ ಬೂದಿ ಬಳಿದುಕೊಂಡಂತಿದ್ದ ಆ ಮುದುಕನನ್ನು ಎತ್ತಿಕೊಂಡೇ ಬಂದರು. ಆಶಾನ್ ಎಳನೀರು ಹಿಡಿದುಕೊಂಡೇ ನೆಲಕ್ಕೆ ಕುಸಿದ. ಒಬ್ಬ ಹೆಂಗಸು “ಚೇಚೀ!” ಅಕ್ಕಾ, ಎಂದು ಅಳುತ್ತಾ ಸುಮಿತ್ರಳನ್ನು ತಬ್ಬಿಕೊಂಡಳು.

“ಭಾವ,” ಎಂದ ಶ್ರೀಪತಿ. ಹಲ್ಲು ಕಡಿಯುತ್ತಿದ್ದ. “ನೀವು ಬೆನ್ನು ಕೊಟ್ಟು ಕೂತದ್ದು ಎಂತದಕ್ಕೆ ಅಂತ ಗೊತ್ತುಂಟಾ?”

ಹೇಳಿದ. ಎಷ್ಟು ಮದ್ದು, ಯಾವ ಯಾವ ಮದ್ದು, ಒಂದೂ ಬಿಡದೆ ಹೇಳಿದ.

“ಕೂಗಿ ಹೇಳಬಾರದಿತ್ತೇ?” ಎಂದೆ.

“ಕೂಗಿದ್ರೆ ನೀವು ಬೆಚ್ಚಿ ಬೀಳ್ತಿದ್ರಿ. ನೀವು ಬಿದ್ರೆ ಚಿಂತೆ ಇಲ್ಲ, ಪೈಪು ಬಿದ್ರೆ? ವೆಡಿಪ್ಪುರದ ಹತ್ತಿರ ಯಾರೂ ಕೂಗುದಿಲ್ಲ, ಓಡುದಿಲ್ಲ, ಜಗಳ ಕೂಡ ಆಡುದಿಲ್ಲ. ಅಲ್ಲಿಯ ಕ್ರಮವೇ ಹಾಗೆ. ಅಲ್ಲಿ ಎಲ್ಲ ನಗ್ತಾ ನಗ್ತಾ ಹೇಳ್ಬೇಕು!”

ನಾನು ಅಲ್ಲೇ ಕೂತೆ. ಮೆಟ್ಟಿಲ ಮೇಲೆ ಕೂತವನನ್ನು ಎಬ್ಬಿಸಲು ಇಬ್ಬರು ಬೇಕಾದರು.

ಸಿಡಿಮದ್ದಿನ ಸೇವೆ ಶುರುವಾಗುವ ಮೊದಲೇ ನಮ್ಮನ್ನು ಬಹಳ ಗೌರವದಿಂದ ಬಸ್ಸು ಹತ್ತಿಸಲಾಯಿತು. ಎಷ್ಟೋ ದೂರ ಬಂದ ಮೇಲೆ ಕಿಟಕಿಯಾಚೆ ಆಕಾಶ ಒಮ್ಮೆ ಹಗಲಾಯಿತು. ಸ್ವಲ್ಪ ತಡೆದು ಬಸ್ಸಿನ ಗಾಜುಗಳು ನಡುಗಿದವು. ಪ್ರಯಾಣಿಕರೆಲ್ಲ ವಾಹ್ ಎಂದರು. ನಾನು ಬೆನ್ನು ಮುಟ್ಟಿ ನೋಡಿಕೊಂಡೆ.

ತಿರುವನಂತಪುರಕ್ಕೆ ಮರಳಿದ ಮೇಲೆ ನಿದ್ದೆ ಎಂಬುದು ನಮ್ಮ ಮನೆಯ ವಿಳಾಸ ಮರೆತಿತು. ಚಾಲೈಯಲ್ಲಿ ನಸುಕಿಗೇ ಅಕ್ಕಿಮೂಟೆ ಇಳಿಸುತ್ತಾರೆ. ಒಂದೊಂದು ಮೂಟೆ ದೊಪ್ಪೆಂದಾಗಲೂ ನಾನು ಹಾಸಿಗೆಯಿಂದ ಒಂದು ಗೇಣು ಮೇಲಕ್ಕೇಳುತ್ತಿದ್ದೆ. ಸದ್ದನ್ನಾದರೂ ಸಹಿಸಬಹುದು, ನಗುವನ್ನು ಸಹಿಸುವುದು ಹೇಗೆ? ಯಾರು ನಕ್ಕರೂ ಬೆನ್ನ ಹಿಂದೆ ಏನಿದೆಯೆಂದು ತಿರುಗಿ ನೋಡುತ್ತಿದ್ದೆ. ಕಚೇರಿಯಲ್ಲಿ ಒಂದು ದಿನ ಮೇಲಧಿಕಾರಿಗಳು ನನ್ನ ಮೇಜಿನ ಬಳಿ ಬಂದು ಮುಗುಳ್ನಕ್ಕು, “ಬನ್ನಿ, ಸ್ವಲ್ಪ ಮಾತಾಡೋಣ,” ಎಂದರು. ನಾನು ಹೋಗಿ ನಿಂತದ್ದು ರಸ್ತೆಯಲ್ಲಿ!

ಎಲ್ಲಕ್ಕಿಂತ ಭಯಂಕರವಾದದ್ದು ಮನೆಯೊಳಗಿತ್ತು. ಸುಮಿತ್ರ ನನ್ನನ್ನು ಬಯ್ಯಲಿಲ್ಲ. ಕೈಗೆ ಬಟ್ಟೆ ಸುತ್ತಿದ್ದರಿಂದ ಅಡುಗೆ ನನ್ನ ಪಾಲಿಗೆ ಬಂತು. ನಾನು ಮಾಡಿದ ಸಾರನ್ನು ಅವಳು ಉಂಡು, ಮೆಲುದನಿಯಲ್ಲಿ, “ಒಳ್ಳೇದಾಗಿದೆ,” ಎನ್ನುತ್ತಿದ್ದಳು. ಹಾಗೆಂದು ನಗುತ್ತಿದ್ದಳು. ಅದೇ ನಗು. ನಾನು ತಟ್ಟೆ ಬಿಟ್ಟು ಎದ್ದು, ಒಲೆ ಆರಿದೆಯೇ ಎಂದು ನೋಡಿ ಬರುತ್ತಿದ್ದೆ. ಅವಳು ಮಲಗಿದಲ್ಲಿಂದಲೇ ಕತ್ತಲಲ್ಲಿ ಕೈ ಚಾಚಿ ನನ್ನ ಕೈ ಬರಿದಾಗಿದೆಯೇ ಎಂದು ತಡವುತ್ತಿದ್ದಳು. ಇಬ್ಬರೂ ಎಚ್ಚರವಿರುತ್ತಿದ್ದೆವು, ಇಬ್ಬರೂ ನಿದ್ದೆ ಬಂದವರಂತೆ ಉಸಿರಾಡುತ್ತಿದ್ದೆವು.

ಮಳೆಗಾಲ ಹಿಡಿದ ಮೇಲೆ ಒಂದು ಭಾನುವಾರ ಅವಳು ಕೈಯ ಬಟ್ಟೆ ಬಿಚ್ಚಿದಳು. ಊಟಕ್ಕೆ ಕೂತಳು. ನನ್ನ ಸಾರನ್ನು ಒಂದು ತುತ್ತು ಬಾಯಿಗಿಟ್ಟಳು. ಆಮೇಲೆ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು.

“ಇದು ಸಾರಾ? ಇದು ಸಾರಾ ಮಾರಾಯ್ರೆ? ಕಲಗಚ್ಚು! ಇಷ್ಟು ದಿನ ಈ ಕಲಗಚ್ಚನ್ನು ಒಳ್ಳೇದಾಗಿದೆ ಅಂತ ನುಂಗಿದೆ ನಾನು. ಬಯ್ಲಿಕ್ಕೆ ಬಾಯಿ ತೆಗೆದ್ರೆ ನಿಮ್ಮ ಕೈಯಲ್ಲಿ ಆ ಕೆಂಡ ಕಾಣ್ತಿತ್ತು. ಬೈದ್ರೆ ಎಲ್ಲಿ ಬೀಳಿಸಿಬಿಡ್ತೀರೋ ಅಂತ ಜೀವ ಹೋಗ್ತಿತ್ತು. ಮದ್ದಿನ ಮನೆಯ ಮಡಕೆ ನೀರು ಕುಡಿದು ಮುಖ ಒರೆಸಿಕೊಂಡವರಲ್ವಾ ನೀವು? ದನಕ್ಕಾದ್ರೂ ಹಗ್ಗ ಅಂದ್ರೆ ಎಂತ ಅಂತ ಗೊತ್ತುಂಟು!”

ಒಂದು ಮಾತಿಗೆ ಇನ್ನೊಂದು ಸೇರಿ, ದನಿ ಏರುತ್ತಾ ಹೋಯಿತು. ಕಿಟಕಿಗಳು ತೆರೆದುಕೊಂಡವು. ಎದುರು ಮನೆಯವರು ಮಳೆಯಲ್ಲೇ ಹೊರಗೆ ಬಂದು ನಿಂತರು. ಒಂದಕ್ಷರ ಅವರಿಗೆ ತಿಳಿಯದಿದ್ದರೂ ವಿಷಯ ಪೂರ್ತಿ ಅರ್ಥವಾಯಿತೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನ್ನ ತರ್ಕಶಾಸ್ತ್ರ, ನನ್ನ ಮೈಸೂರು, ನನ್ನ ವಂಶ, ಯಾವುದನ್ನೂ ಅವಳು ಬಿಡಲಿಲ್ಲ. ಬಯ್ಯುತ್ತಾ ಬಯ್ಯುತ್ತಾ ಅತ್ತಳು. ಅಳುತ್ತಾ ಮತ್ತೆ ಬೈದಳು.

ನಾನು ಗೋಡೆಗೆ ಒರಗಿ ಕೂತು, ಬಹು ದಿನಗಳ ಮೇಲೆ ಹಾಯಾಗಿ ಕೇಳಿದೆ.

ಆ ಇರುಳು ಇಬ್ಬರೂ ಎಚ್ಚರವೇ ಇಲ್ಲದಂತೆ ಮಲಗಿದೆವು. ಚಾಲೈಯ ಮೂಟೆಗಳು ಬಿದ್ದದ್ದು ತಿಳಿಯಲಿಲ್ಲ, ಹಾಲಿನವಳು ಬಾಗಿಲು ಬಡಿದದ್ದೂ ತಿಳಿಯಲಿಲ್ಲ. ಕಣ್ಣು ಬಿಟ್ಟಾಗ ಕಚೇರಿಗೆ ಹೊತ್ತು ಮೀರಿತ್ತು. ಅದಕ್ಕೂ ಬೈಸಿಕೊಂಡೆ.