ಬಿಸಿಲಿಗೆ ಕಟ್ಟು ಪದ್ಧತಿ

ಸೂರ್ಯನು ಹುಣಸೆಕೊಪ್ಪಲಿನ ಮೇಲೆ ಬಹು ಹಿಂದಿನಿಂದಲೂ ಯಾರ ಅನುಮತಿಯನ್ನೂ ಪಡೆಯದೆ ಬೆಳಗುತ್ತಿದ್ದಾನೆ ಎಂಬ ಸಂಗತಿ ಮೇಲಿನ ಕಚೇರಿಯ ಗಮನಕ್ಕೆ ಬಂದದ್ದು ಹೋದ ವರ್ಷ. ಇದನ್ನು ಸಕ್ರಮಗೊಳಿಸುವ ಸಲುವಾಗಿ, ಚಿಕ್ಕರಸಿನಕೆರೆಯ ಆಚೆಗಿರುವ ಈ ಮೂವತ್ತೊಂದು ಮನೆಗಳ ಊರಿನಲ್ಲಿ ‘ಸೌರವಿದ್ಯುತ್ ಹಂಚಿಕೆದಾರರ ಸಂಘ’ ಸ್ಥಾಪನೆಯಾಯಿತು. ಒಂದು ತಾರಸಿಯ ಮೇಲೆ ಫಲಕ, ಊರಿಗೆಲ್ಲ ಕರೆಂಟು.

ತಾರಸಿ ದೇವಿರಮ್ಮನದು. ಊರಿನ ಕಟ್ಟಕಡೆಯ ಮನೆ, ಯಾವ ಮರದ ನೆರಳೂ ಬೀಳದ ಜಾಗ. ಮುಂದಿನ ಕೋಣೆಯಲ್ಲಿ ಅವಳ ಹಿಟ್ಟಿನ ಮಿಲ್ಲು. ಹಗಲು ಕರೆಂಟಿಲ್ಲದೆ ಮಿಲ್ಲು ನಿಂತೂ ನಿಂತೂ ಊರಿನ ರಾಗಿಯೆಲ್ಲ ಬೈಕು ಹತ್ತಿ ಮದ್ದೂರಿಗೆ ಹೋಗುತ್ತಿತ್ತು. ಇನ್ನೊಂದು ವರ್ಷ ಹೀಗೇ ಆದರೆ ಮಿಲ್ಲಿಗೆ ಬೀಗ ಹಾಕಿ, ಐವತ್ತೆರಡನೆಯ ವಯಸ್ಸಿನಲ್ಲಿ ಗೆಜ್ಜಲಗೆರೆಯ ಬಸ್ಸು ಹತ್ತಿ ಯಾವುದಾದರೂ ಫ್ಯಾಕ್ಟರಿಯ ಕಸ ಗುಡಿಸಬೇಕು. ಆ ಭಯ ಅವಳನ್ನು ಒಳಗೇ ತಿನ್ನುತ್ತಿತ್ತು. ‘ಹಗಲು ಕರೆಂಟು’ ಎಂಬ ಮಾತು ಕಿವಿಗೆ ಬಿದ್ದದ್ದೇ ತಾರಸಿಯನ್ನು ಸಂಘಕ್ಕೆ ಬರೆದುಕೊಟ್ಟಳು.

ಕರೆಂಟು ಹಂಚಲು ಅನುಭವಸ್ಥರು ಬೇಕೆಂದು ಕಚೇರಿ ಕೇಳಿತು. ಊರಿನಲ್ಲಿ ಹಂಚಿಕೆಯ ಅನುಭವ ಇದ್ದವನು ಒಬ್ಬನೇ: ಮೂವತ್ತೆರಡು ವರ್ಷ ನಾಲೆಯ ನೀರು ಹಂಚಿ ನಿವೃತ್ತನಾದ ನೀರುಗಂಟಿ ದೊಡ್ಡಸಿದ್ದಯ್ಯ. ಅವನನ್ನು ವಿತರಣಾಧಿಕಾರಿ ಎಂದು ನೇಮಿಸಲಾಯಿತು. ಅವನು ತನಗೆ ಗೊತ್ತಿದ್ದ ಕಟ್ಟು ಪದ್ಧತಿಯನ್ನೇ ಜಾರಿಗೆ ತಂದ. ಅಂದರೆ ಊರಬಾಗಿಲ ಮೊದಲ ಮನೆಗೆ ಬೆಳಗ್ಗೆ ಆರಕ್ಕೆ ಕರೆಂಟು ಬಿಡುವುದು, ಅರ್ಧ ಗಂಟೆಯಾದ ಮೇಲೆ ಅಲ್ಲಿ ಕಟ್ಟಿ ಪಕ್ಕದ ಮನೆಗೆ ತಿರುಗಿಸುವುದು. ಈ ಪ್ರಕಾರ ಮೂವತ್ತೊಂದನೆಯ ಮನೆಯಾದ ದೇವಿರಮ್ಮನ ಪಾಳಿ ರಾತ್ರಿ ಒಂಬತ್ತಕ್ಕೆ ಬಂತು.

“ಸಿದ್ದಣ್ಣ, ರಾತ್ರಿ ಒಂಬತ್ಗಂಟೆಗೆ ಬಿಸಿಲು ಎಲ್ಲದೆ?” ಎಂದು ಕೇಳಿದಳು.

ದೊಡ್ಡಸಿದ್ದಯ್ಯ ಹೆಗಲ ಮೇಲಿನ ಗುದ್ದಲಿ ಇಳಿಸಿದ. “ಕೊನೆಗದ್ದೆಗೆ ಯಾವತ್ತವ್ವಾ ಅಗಲೊತ್ತು ನೀರು ಬಂದಿರೋದು? ಕೊನೆಯೋರು ರಾತ್ರಿನೇ ಕಟ್ಕೊಬೇಕು.”

“ನೀರಾದ್ರೆ ರಾತ್ರಿನೂ ಅರೀತಿತ್ತು. ಇದು ಬರೋದೇ ಇಲ್ವಲ್ಲ!”

“ಬರ್ನಿಲ್ಲ ಅಂದ್ರೆ ಮೇಲ್ಗಡೆ ಯಾರೋ ಕಳ್ಳತೂಬು ಮಡಗವ್ರೆ ಅಂತ ಅರ್ಥ. ನೋಡ್ತೀನಿ ಬುಡು.”

ಮಾತು ಕೊಟ್ಟಂತೆಯೇ ಅವನು ಮೂರು ದಿನ ತಂತಿಯ ಉದ್ದಕ್ಕೂ ನಡೆದು ಸೋರಿಕೆ ಹುಡುಕಿದ. ನಾಲ್ಕನೆಯ ದಿನ ಅರಳಿಕಟ್ಟೆಯಲ್ಲಿ ಪ್ರಕಟಣೆ ಅಂಟಿತು: ‘ಸದಸ್ಯರ ಪಾಳಿಯ ವೇಳೆಯಲ್ಲಿ ಸೂರ್ಯನು ಗೈರುಹಾಜರಾದಲ್ಲಿ ಸಂಘವು ಜವಾಬ್ದಾರಿಯಲ್ಲ. ಸದರಿಯವರನ್ನು ಸಂಘದ ಸದಸ್ಯರನ್ನಾಗಿ ಇನ್ನೂ ನೋಂದಾಯಿಸಿರುವುದಿಲ್ಲ.’

“ದೇವ್ರು ವರ ಕೊಟ್ರೂ ಪೂಜಾರಿ ಕೊಡ,” ಎಂದು ಗೊಣಗಿಕೊಂಡು ದೇವಿರಮ್ಮ ಕಚೇರಿಗೆ ಅರ್ಜಿ ಹಾಕಿದಳು. ಪರಿಶೀಲನೆಗೆ ಅಧಿಕಾರಿ ಸುಧೀಂದ್ರ ಅವರು ಬಂದರು.

“ಸ್ವಾಮಿ, ಪ್ಲೇಟು ನನ್ನ ತಾರಸಿ ಮೇಲವೆ. ಕರೆಂಟು ಉಟ್ಟೋದೇ ನನ್ನ ತಲೆ ಮೇಲೆ. ನಾನೆಂಗೆ ಕೊನೆಯೋಳು?”

ಸುಧೀಂದ್ರ ಅವರು ಕಡತ ತಿರುವಿ, “ನಿಮ್ಮ ಮಾತು ಸರಿ,” ಎಂದರು. “ವಿದ್ಯುತ್ತು ಇಲ್ಲಿಯೇ ಶೇಖರವಾಗಿ ಊರಿಗೆ ಹರಿಯುವುದರಿಂದ ಇದು ಕೊನೆಭಾಗವಲ್ಲ, ಜಲಾಶಯ.”

ದೇವಿರಮ್ಮನ ಮುಖ ಅರಳಿತು. ದೊಡ್ಡಸಿದ್ದಯ್ಯ ತಲೆ ಕೆರೆದುಕೊಂಡ. “ಅಂಗಾದ್ರೆ ಇವ್ಳಿಗೆ ಪಾಳಿನೇ ಇಲ್ಲ ಸಾ. ಕಟ್ಟೆ ಕಟ್ಟಿದ ಜಾಗದೋರಿಗೆ ಯಾರು ನೀರು ಬುಟ್ಟವ್ರೆ? ಅವ್ರು ಮುಳುಗೋದು ತಾನೆ?”

ಈ ವಾದಕ್ಕೆ ನಾಡಿನ ಎಲ್ಲ ಅಣೆಕಟ್ಟುಗಳೂ ಸಾಕ್ಷಿಯಾಗಿದ್ದವು. ದೇವಿರಮ್ಮನ ಹೆಸರನ್ನು ಪಾಳಿಯಿಂದ ತೆಗೆದು ‘ಮುಳುಗಡೆ ಸಂತ್ರಸ್ತೆ’ ಎಂದು ನಮೂದಿಸಲಾಯಿತು. ದೀಪದ ಬುಡ ಕತ್ತಲು ಎಂಬ ಗಾದೆಗೆ ಹೀಗೆ ಇಲಾಖೆಯ ಮಂಜೂರಾತಿ ಸಿಕ್ಕಿತು.

ದೇವಿರಮ್ಮನಿಗೆ ಅಳು ಬಂತು. ಆದರೂ ಕೇಳಿದಳು: “ಮುಳುಗ್ದೋರಿಗೆ ಏನೂ ಇಲ್ವಾ ಸ್ವಾಮಿ?”

“ಪುನರ್ವಸತಿ ಇದೆಯಮ್ಮ. ಪ್ರತ್ಯೇಕ ತಂತಿ. ಆದರೆ ಕಚೇರಿ ವೇಳೆಯಲ್ಲಿ ಮಾತ್ರ. ಬೆಳಗ್ಗೆ ಹತ್ತರಿಂದ ಸಂಜೆ ಐದೂವರೆ.”

ದೇವಿರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅಂಗಾದ್ರೆ ಚೆನ್ನಾಗಿ ಮುಳುಗವ್ಳೆ ಅಂತ ಬರ್ಕೊಳಿ.”

ಅಂದೇ ಪಂಚನಾಮೆ ನಡೆಯಿತು. ಮನೆ ನೀರಿನಲ್ಲಿರುವುದಾಗಿ ಪಕ್ಕದ ಮನೆಯ ಮಹದೇವು ಅಂಗಳದ ಧೂಳಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು ಸಾಕ್ಷಿ ಹಾಕಿದ. ವಾರದೊಳಗೆ ತಂತಿ ಬಂತು, ಮಿಲ್ಲು ತಿರುಗಿತು, ಮದ್ದೂರಿಗೆ ಹೋಗಿದ್ದ ರಾಗಿ ಊರಿಗೆ ವಾಪಸಾಯಿತು.

ಏಪ್ರಿಲ್ ತಿಂಗಳಲ್ಲಿ ಸುಧೀಂದ್ರ ಅವರು ವಾರ್ಷಿಕ ತನಿಖೆಗೆ ಬಂದು ಅಂಗಳದ ಅಂಚಿನಲ್ಲಿ ನಿಂತರು. ನೆಲ ಕಾದು ಬಿರುಕು ಬಿಟ್ಟಿತ್ತು. “ನೀರು ಇಳಿದಿದ್ದರೆ ತಂತಿ ಕಡಿತಗೊಳಿಸಬೇಕಾಗುತ್ತದೆ,” ಎಂದರು.

ದೇವಿರಮ್ಮ ಬಾಯಿ ತೆರೆಯುವ ಮೊದಲೇ ದೊಡ್ಡಸಿದ್ದಯ್ಯ ಪಂಚೆ ಮೇಲೆತ್ತಿ ಕಟ್ಟಿ, ಅಂಗಳಕ್ಕಿಳಿದು, ಗುದ್ದಲಿಯ ಕಾವು ನೆಲಕ್ಕೆ ಊರಿ ಅಳತೆ ನೋಡಿದ. “ಇಳ್ದಿಲ್ಲ ಸಾ. ಓದ್ ಸಲಕ್ಕಿಂತ ಒಂದು ಗೇಣು ಏರದೆ.”

ದೇವಿರಮ್ಮ ಥಟ್ಟನೆ ಸೀರೆಯ ನೆರಿಗೆ ಮೊಣಕಾಲಿಗೆ ಎತ್ತಿ ಹಿಡಿದಳು. “ಉಸಾರು ಸ್ವಾಮಿ, ನಿಧಾನುಕ್ಕೆ ಬನ್ನಿ.”

ಸುಧೀಂದ್ರ ಅವರು ಬೂಟು ಬಿಚ್ಚಿ, ಪ್ಯಾಂಟು ಮಡಚಿ ಒಳಗೆ ಬಂದರು. ‘ನೀರಿನ ಮಟ್ಟ ತೃಪ್ತಿಕರ’ ಎಂದು ಬರೆದರು. ಹೊರಡುವಾಗ ದೇವಿರಮ್ಮ ಕೊಟ್ಟ ಐದು ಕೆಜಿ ರಾಗಿಹಿಟ್ಟನ್ನು, ನೆನೆಯದಂತೆ, ತಲೆಯ ಮೇಲೆ ಹೊತ್ತುಕೊಂಡು ಅಂಗಳ ದಾಟಿದರು.